ಕರ್ಜಗಿ ರಸ್ತೆಯಲ್ಲಿ ಓಡಿದ ಭಜನೆ

ಹಾವೇರಿಯ ಜಿಲ್ಲಾ ಕ್ರೀಡಾಂಗಣಕ್ಕೆ ಬೆಳಿಗ್ಗೆ ಆರಕ್ಕೆ ಹೋದರೆ ಪೊಲೀಸ್ ಭರ್ತಿಗೆ ತಯಾರಿ ನಡೆಸಿರುವ ಹುಡುಗರು, ಹುಡುಗಿಯರು ಓಡುತ್ತಿರುತ್ತಾರೆ. ಎಲ್ಲರ ಕಿವಿಯಲ್ಲೂ ಬಿಳಿಯದೊಂದು ಗುಂಡಿ ಸಿಕ್ಕಿಕೊಂಡಿರುತ್ತದೆ. ಯಾರ ಹಾಡು ಯಾರಿಗೂ ಕೇಳಿಸುವುದಿಲ್ಲ. ಅವರ ನಡುವೆ ದಿನಾ ಆರು ಸುತ್ತು ಓಡುವ ನಿರ್ಮಲಾ ಟೀಚರ್ ಮಾತ್ರ ಬರಿಗಿವಿಯವರು. ವಯಸ್ಸು ನಲವತ್ತೆರಡು. ಬ್ಯಾಡಗಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ.

ಒಂದು ದಿನ ಒಬ್ಬ ಹುಡುಗಿ ಕೇಳಿದಳು: "ಮೇಡಂ, ನೀವು ಹಾಡು ಕೇಳೂದಿಲ್ಲೇನ್ರಿ ಓಡೂ ಮುಂದ?"

"ಕೇಳ್ತಿದ್ನೆವಾ. ಆಗ ಹಾಡು ಕಿವ್ಯಾಗ ಇರ್ತಿದ್ದಿಲ್ಲ, ನಮ್ಮಪ್ಪನ ಸೈಕಲ್ ಮ್ಯಾಲೆ ಇರ್ತಿತ್ತು," ಎಂದು ಅವರು ನಕ್ಕರು. ನಾನು ಅಲ್ಲೇ ವಾಕಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದೆ. ಹುಡುಗಿ ಅಷ್ಟಕ್ಕೇ ಓಡಿಹೋದಳು, ನಾನು ಬಿಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ ಕಥೆ ಇದು.

ನಿರ್ಮಲಾ ಅವರ ಊರು ಕರ್ಜಗಿ. ತಂದೆ ಪುಂಡಲೀಕಪ್ಪ ಅಲ್ಲಿಯ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಿನವಿಡೀ ಗಿರಣಿಯ ಗದ್ದಲದಲ್ಲಿ ನಿಂತು, ಹುಬ್ಬು ಮೀಸೆಯೆಲ್ಲ ಜೋಳದ ಹಿಟ್ಟಾಗಿ ಸಂಜೆ ಮನೆಗೆ ಬಂದರೆ ಅವರಿಗೆ ಬೇಕಾಗುತ್ತಿದ್ದದ್ದು ಎರಡೇ: ಮೈಗೆ ಬಿಸಿನೀರು, ಕಿವಿಗೆ ಗೋಣೆಪ್ಪನ ಭಜನೆ ಪದ. ಗೋಣೆಪ್ಪ ಅವರ ಜೀವದ ಗೆಳೆಯ, ಊರಿನ ಭಜನಾ ಮೇಳದಲ್ಲಿ ಮುಂದೆ ಕೂತು ಹಾಡುತ್ತಿದ್ದವನು. ಹೆಂಡತಿಯ ತವರಿನ ಹೊಲ ನೋಡಿಕೊಳ್ಳಲು ಆತ ಕುಪ್ಪೇಲೂರಿಗೆ ಹೋಗಿ ನೆಲೆಸಬೇಕಾಯಿತು. ಹೊರಡುವ ಹಿಂದಿನ ದಿನ ಹನುಮಂತದೇವರ ಗುಡಿಯಲ್ಲಿ, ಪುಂಡಲೀಕಪ್ಪನ ಟೇಪ್ ರೆಕಾರ್ಡರಿನ ಮುಂದೆ ಕೂತು ಮೂರು ಪದ ಹಾಡಿ ಕೊಟ್ಟ. ಆ ಕ್ಯಾಸೆಟ್ಟಿನಲ್ಲಿ ತಾಳ ಇತ್ತು, ಹಾರ್ಮೋನಿಯಂ ಇತ್ತು, ಯಾರೋ ಕೆಮ್ಮಿದ್ದಿತ್ತು, ಎರಡನೆಯ ಪದದ ನಡುವೆ ಗುಡಿಯ ಹೊರಗೆ ಎಮ್ಮೆಯೊಂದು ಒದರಿದ್ದೂ ಇತ್ತು.

ಹಾವೇರಿ ಜಿಲ್ಲೆಯಾದ ಮರುವರ್ಷ ನಿರ್ಮಲಾ ಒಂಬತ್ತನೇ ತರಗತಿಯಲ್ಲಿದ್ದಳು. ಶಾಲೆಯ ಆಟೋಟದಲ್ಲಿ ಬರಿಗಾಲಲ್ಲಿ ಓಡಿ ಉಳಿದವರಿಗಿಂತ ಅರ್ಧ ಸುತ್ತು ಮುಂದೆ ಬಂದಳು. ಡ್ರಿಲ್ ಕಲಿಸುತ್ತಿದ್ದ ಚಂದ್ರಪ್ಪ ಮಾಸ್ತರರು ಅಂದೇ ಗಿರಣಿಗೆ ಹೋದರು. ಗಿರಣಿಯ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು.

"ಪುಂಡಲೀಕಪ್ಪಾರ, ನಿಮ್ಮ ಮಗಳ ಕಾಲಾಗ ಏನೋ ಐತ್ರಿ!"

ಪುಂಡಲೀಕಪ್ಪ ಗಾಬರಿಯಾಗಿ ಗಿರಣಿ ಬಂದ್ ಮಾಡಿದರು. "ಮುಳ್ಳು ಮುರದೈತೇನ್ರಿ?"

"ಮುಳ್ಳಲ್ರೀ, ಓಟ! ಓಟ ಐತಿ. ದಿನಾ ಮುಂಜಾನೆ ಓಡ್ಸ್ರಿ. ಬರೂ ವರ್ಷ ಜಿಲ್ಲಾ ಮಟ್ಟಕ್ಕ ಕರ್ಕೊಂಡು ಹೋಗ್ತೇನಿ."

ತಾಯಿ ಮಂಗಳವ್ವನಿಗೆ ಇದು ಹಿಡಿಸಲಿಲ್ಲ. ಬೆಳೆದ ಹುಡುಗಿ ಬೆಳಕು ಹರಿಯುವ ಹೊತ್ತಿಗೆ ಒಬ್ಬಳೇ ರಸ್ತೆಯಲ್ಲಿ ಓಡುವುದೆಂದರೇನು? "ಒಬ್ಬಾಕಿ ಯಾಕ, ನಾ ಸೈಕಲ್ ಮ್ಯಾಲೆ ಜೋಡಿ ಹೋಗ್ತೇನಿ" ಎಂದರು ಪುಂಡಲೀಕಪ್ಪ. ಗಿರಣಿಯಿಂದ ರೈಲ್ವೆ ಗೇಟಿನವರೆಗೆ ಓಡುವುದು, ತಿರುಗಿ ಬರುವಾಗ ಸೈಕಲ್ಲಿನಲ್ಲಿ ಕೂತು ಬರುವುದು ಎಂದು ಮಾತಾಯಿತು.

ಮೊದಲ ವಾರ ನಿರ್ಮಲಾ ಅರ್ಧ ದಾರಿಗೇ ನಿಂತುಬಿಡುತ್ತಿದ್ದಳು. ದಣಿವಿಗಿಂತ ಹೆಚ್ಚಾಗಿ ಬೇಸರ. ಶಾಲೆಯಲ್ಲಾದರೆ ಕೂಗುವವರಿದ್ದರು, ಇಲ್ಲಿ ಎರಡೂ ಕಡೆ ಹೊಲ, ಬಿಟ್ಟರೆ ಅಪ್ಪನ ಸೈಕಲ್ಲಿನ ಚೈನಿನ ಕಿರಿಕಿರಿ. ಎಂಟನೆಯ ದಿನ ಪುಂಡಲೀಕಪ್ಪ ಹಳೇ ಟ್ಯೂಬಿನ ಪಟ್ಟಿಯಿಂದ ಟೇಪ್ ರೆಕಾರ್ಡರನ್ನು ಕ್ಯಾರಿಯರಿಗೆ ಬಿಗಿದು ತಂದರು. ಗುಂಡಿ ಒತ್ತಿದರು. ಗೋಣೆಪ್ಪನ ದನಿ ಎದ್ದಿತು, ತಾಳ ಬಿತ್ತು, ಅವಳ ಕಾಲು ತಾಳಕ್ಕೆ ಕೂಡಿಕೊಂಡಿತು. ಅಂದು ಮೊದಲ ಸಲ ನಿಲ್ಲದೆ ಗೇಟು ಮುಟ್ಟಿದಳು. ಹದಿನೈದು ದಿನದಲ್ಲಿ ಮೂರನೆಯ ಪದ ಮುಗಿಯುವುದಕ್ಕೂ ಅವಳು ಗೇಟು ತಲುಪುವುದಕ್ಕೂ ಸರಿಯಾಗತೊಡಗಿತು. ಗಡಿಯಾರ ಅವರಲ್ಲಿರಲಿಲ್ಲ, ಗೋಣೆಪ್ಪನ ಪದವೇ ಗಡಿಯಾರ.

ಟೇಪಿನಿಂದ ಇನ್ನೊಂದು ಉಪಕಾರವೂ ಆಯಿತು. ಓಣಿಯ ಮುದುಕವ್ವ ಮೊದಲು "ಹೆಣ್ಣುಡುಗಿ ಹಿಂಗ ಓಡೂದು ನೋಡಾಕ ಚಂದಿಲ್ಲವಾ" ಎಂದು ಬಾಗಿಲಲ್ಲೇ ಅನ್ನುತ್ತಿದ್ದವಳು, ಭಜನೆ ಬರತೊಡಗಿದ ಮೇಲೆ ಕಸಬರಿಗೆ ಕೆಳಗಿಟ್ಟು ಕೈ ಮುಗಿಯತೊಡಗಿದಳು. ದೇವರ ಹೆಸರು ಮುಂದೆ ಹೋಗುವಾಗ ಹಿಂದೆ ಓಡುವವಳನ್ನು ಯಾರು ಬೈದಾರು? "ಮುದುಕವ್ವ ಕೈ ಮುಗಿಯೂದು ಟೇಪಿಗೋ, ನನಗೋ ಅಂತ ನಾ ಅಪ್ಪನ್ನ ಕೇಳ್ತಿದ್ದೆ" ಎಂದು ನಿರ್ಮಲಾ ಈಗಲೂ ನಗುತ್ತಾರೆ.

ಟೇಪಿಗೆ ನಾಲ್ಕು ದಪ್ಪ ಸೆಲ್ಲು ಬೇಕಾಗುತ್ತಿದ್ದವು. ಇಳಿದ ಸೆಲ್ಲುಗಳನ್ನು ಮಂಗಳವ್ವ ಹಪ್ಪಳದ ಜೊತೆಗೆ ಮಾಳಿಗೆಯ ಬಿಸಿಲಿಗಿಡುತ್ತಿದ್ದಳು; ಇನ್ನೂ ನಾಲ್ಕು ದಿನ ಬರುತ್ತಿದ್ದವು. ಒಂದು ಬೆಳಿಗ್ಗೆ ಸೆಲ್ಲು ದಾರಿಯಲ್ಲೇ ಇಳಿಯತೊಡಗಿದವು. ಗೋಣೆಪ್ಪನ ದನಿ ದಪ್ಪಗಾಯಿತು, ಪದ ಎಳೆದೆಳೆದು ಬಂತು. ನಿರ್ಮಲಾ ಕೂಡ ನಿಧಾನವಾದಳು, ತನಗೇ ತಿಳಿಯದಂತೆ. ಪಕ್ಕದಲ್ಲಿದ್ದ ಪುಂಡಲೀಕಪ್ಪನಿಗೆ ಸೈಕಲ್ ಸಾವಕಾಶ ತುಳಿಯಬೇಕಾಗಿ ಬಂದಾಗ ಅದು ಕಂಡಿತು. ಅವರು ಮಗಳ ಕಾಲು ನೋಡಿದರು, ಟೇಪು ನೋಡಿದರು.

ಆಮೇಲೆ ಚಳಿಗಾಲವಿಡೀ ಓಟ ನಡೆಯಿತು. ಪದ ಮುಗಿಯುವುದು, ಗೇಟು ಬರುವುದು ಎಂದಿನಂತೆ ಕೂಡಿಯೇ ಆಗುತ್ತಿತ್ತು. ಚಂದ್ರಪ್ಪ ಮಾಸ್ತರರು ಶಾಲೆಯಲ್ಲಿ ಓಡಿಸಿದಾಗ "ಏನ್ ತಿನ್ನಾಕತ್ತೀದಿ ನಿರ್ಮಲಾ? ಭಾಳ ಜೋರಾಗೀದಿ" ಅನ್ನುತ್ತಿದ್ದರು. ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಅದೇ ಪದ, ಅದೇ ಗೇಟು; ಜೋರು ಎಲ್ಲಿಂದ ಬಂತು?

ಮೇ ತಿಂಗಳಲ್ಲಿ ಗೋಣೆಪ್ಪನ ಮಗಳ ಮದುವೆಗೆ ಎಲ್ಲರೂ ಕುಪ್ಪೇಲೂರಿಗೆ ಹೋದರು. ಸಂಜೆ ಹಂದರದಲ್ಲಿ ಭಜನೆ ಕೂತಿತು. ಗೋಣೆಪ್ಪ ಅದೇ ಪದ ಎತ್ತಿಕೊಂಡ. ನಿರ್ಮಲಾ ಮುಂದಿನ ಸಾಲಿಗೆ ಹೋಗಿ ಕೂತಳು. ಆದರೆ ಇದೇನು? ಪದ ಎತ್ತಿನ ಚಕ್ಕಡಿಯ ಹಾಗೆ ಸಾಗುತ್ತಿದೆ. ದನಿಯೂ ಬೇರೆ, ದಪ್ಪ. ಅವಳು ಕೂತಲ್ಲೇ ಚಡಪಡಿಸಿದಳು. ಗೋಣೆಪ್ಪ ಕಾಕಾನಿಗೆ ಜಡ್ಡೇನಾದರೂ ಆಗಿದೆಯೇ ಎಂದು ಸಂಕಟವಾಯಿತು. ಊಟದ ಹೊತ್ತಿಗೆ ಅವನ ಹತ್ತಿರ ಹೋದಳು.

"ಕಾಕಾ, ಆರಾಮ ಇಲ್ಲೇನು ನಿನಗ?"

"ಯಾಕವಾ ತಂಗಿ? ಗಟ್ಟಿ ಅದೇನಿ ನೋಡು."

"ಪದ ಅಷ್ಟ್ಯಾಕ ನಿಧಾನ ಹಾಡಿದಿ? ನಮ್ಮ ಕ್ಯಾಸೆಟ್ಟಿನ್ಯಾಗ ಹಿಂಗಿಲ್ಲ."

ಗೋಣೆಪ್ಪ ಜೋರಾಗಿ ನಕ್ಕ. "ಇಪ್ಪತ್ತು ವರ್ಷಾತು, ಇದ ಓಟದಾಗ ಹಾಡಾಕತ್ತೇನಿ. ನಾ ಯಾಕ ನಿಧಾನ ಮಾಡ್ಲಿ? ನಿಮ್ಮಪ್ಪನ್ನ ಕೇಳು."

ಅವಳು ಅಪ್ಪನ ಕಡೆ ತಿರುಗಿದಳು. ಪುಂಡಲೀಕಪ್ಪ ಎಲೆಯ ಮೇಲಿನ ಬುಂದೆಕಾಳನ್ನು ಒಂದೊಂದೇ ಆರಿಸಿ ತಿನ್ನುತ್ತಿದ್ದರು. ತಲೆ ಎತ್ತಲಿಲ್ಲ. ಆಗ ಅವಳಿಗೆ ಏನೋ ಇದೆ ಎಂದು ಗೊತ್ತಾಯಿತು.

ಮರುದಿನ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಹಾವೇರಿ ಬಸ್ಸಿಗೆ ಕಾಯುವಾಗ ಅವರೇ ಒಪ್ಪಿಕೊಂಡರು. ಸೆಲ್ಲು ಇಳಿದ ಆ ದಿನದ ನಂತರ ಅವರು ಹಾವೇರಿಗೆ ಹೋಗಿ, ರೇಡಿಯೋ ರಿಪೇರಿಯ ಜಾವೇದನನ್ನು ಕೇಳಿದ್ದರು: ಪದ ನಿಧಾನವಾದರೆ ಹುಡುಗಿ ನಿಧಾನವಾಗುತ್ತಾಳೆ, ಹಾಗಾದರೆ ಪದವನ್ನು ಜೋರಾಗಿ ಓಡಿಸಲು ಬರುತ್ತದೆಯೇ? ಜಾವೇದ ಟೇಪಿನ ಮೋಟಾರಿನಲ್ಲಿರುವ ಸಣ್ಣ ಸ್ಕ್ರೂ ತೋರಿಸಿಕೊಟ್ಟಿದ್ದ. ಅದನ್ನು ಪುಂಡಲೀಕಪ್ಪ ಹದಿನೈದು ದಿನಕ್ಕೊಮ್ಮೆ, ಕೂದಲೆಳೆಯಷ್ಟು, ಮಗಳು ಶಾಲೆಗೆ ಹೋದಾಗ ತಿರುಗಿಸುತ್ತಿದ್ದರು.

"ಗಿರಣಿ ಒಮ್ಮೆಲೆ ಜೋರು ಬಿಟ್ರ ಹಿಟ್ಟು ಸುಡತೈತಿ ಯವ್ವಾ. ಸಾವಕಾಶ ಏರಿಸಬೇಕು. ಹಂಗ ತಿಳದು ಮಾಡೇನಿ."

ನಿರ್ಮಲಾಳ ಕಣ್ಣು ತುಂಬಿ ಬಂದವು. ಚಳಿಯಲ್ಲಿ ಅಷ್ಟು ಓಡಿದ್ದೆಲ್ಲ ಯಾರೋ ಹಿಂದಿನಿಂದ ದೂಡಿದ್ದು ಎಂಬಂತೆ ಅನ್ನಿಸಿತು.

"ಅಂದ್ರ ನಾ ಓಡಿಲ್ಲ. ನೀ ಓಡಿಸೀದಿ."

"ನಾ ಟೇಪ್ ಓಡಿಸೇನಿ. ಕಾಲು ನಿನ್ನವು."

ಬಸ್ಸು ಬಂತು. ಬಸ್ಸಿನಲ್ಲಿ ಅವ್ವನ ಪಕ್ಕ ಕೂತಳು. ಮುಂದೆ ಮೂರು ದಿನ ಓಡಲಿಲ್ಲ. ಪುಂಡಲೀಕಪ್ಪ ಬೆಳಿಗ್ಗೆ ಎದ್ದು ಸೈಕಲ್ ಒರೆಸಿ, ಅಂಗಳದಲ್ಲಿ ನಿಲ್ಲಿಸಿ, ಕಾದು, ಗಿರಣಿಗೆ ಹೋಗಿಬಿಡುತ್ತಿದ್ದರು. ಕರೆಯಲಿಲ್ಲ, ಬೈಯಲೂ ಇಲ್ಲ.

ಮೂರನೆಯ ದಿನ ಸಂಜೆ ನಿರ್ಮಲಾ ಟೇಪ್ ರೆಕಾರ್ಡರನ್ನೂ ಸ್ಕ್ರೂಡ್ರೈವರನ್ನೂ ತಂದು ಅಪ್ಪನ ಮುಂದಿಟ್ಟಳು. "ಮೊದಲ ಹೆಂಗಿತ್ತೋ ಹಂಗ ಮಾಡು."

ಮೊದಲು ಹೇಗಿತ್ತೆಂದು ಅಪ್ಪನಿಗೂ ನೆನಪಿಲ್ಲ. ಅವರು ಅಷ್ಟಿಷ್ಟು ತಿರುಗಿಸುವುದು, ಅವಳು ಕಿವಿಗೊಟ್ಟು "ಇನ್ನೂ ಇಳಸು" ಅನ್ನುವುದು ನಡೆಯಿತು. ಗೋಣೆಪ್ಪನ ದನಿಯಿಂದ ಅಂದಾಜು ಸಿಗಲಿಲ್ಲ. ಕೊನೆಗೆ ರೊಟ್ಟಿ ಬಡಿಯುತ್ತಿದ್ದ ಮಂಗಳವ್ವ ಒಳಗಿಂದಲೇ ಹೇಳಿದಳು: "ಎಮ್ಮಿ ಒದರೂದು ಬರ್ಲಿ ತಡೀರಿ." ಎರಡನೆಯ ಪದದ ಎಮ್ಮೆ ಬಂತು. "ಅದು ಕರಾ ಆತು. ಎಮ್ಮಿ ಅಲ್ಲ. ಇನ್ನಷ್ಟು ಇಳಸ್ರಿ." ಇಳಿಸಿದರು. ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಕೇಳಿದರು. ನಾಲ್ಕನೆಯ ಸಲಕ್ಕೆ ಮಂಗಳವ್ವ "ಹಾಂ, ಈಗ ಎಮ್ಮಿ" ಎಂದಳು. ಮೂರು ದಿನದಲ್ಲಿ ಮೊದಲ ಬಾರಿ ಅಪ್ಪ, ಮಗಳು ಕೂಡಿ ನಕ್ಕರು.

ಮರುದಿನ ಬೆಳಿಗ್ಗೆ ಆ ಟೇಪಿನೊಂದಿಗೆ ಓಡಿದಳು. ಪದ ಹಿಂದೆ ಬೀಳುವಂತೆ ಅನ್ನಿಸಿತು. ಮೊದಮೊದಲು ಕಾಲು ತಾಳಕ್ಕೆ ಕೂಡಲಿಲ್ಲ. ಆಮೇಲೆ ಅವಳು ತಾಳವನ್ನು ಅದರ ಪಾಡಿಗೆ ಬಿಟ್ಟು ಓಡಿದಳು. ಹೊಲದ ಬದುಗಳು, ಹುಣಸೆ ಮರ, ಹಳ್ಳದ ಸೇತುವೆ ಎಲ್ಲ ಬೇಗ ಬೇಗ ಬಂದವು. ಗೇಟು ಮುಟ್ಟಿ ನಿಂತಾಗ ಮೂರನೆಯ ಪದ ಆಗತಾನೇ ಶುರುವಾಗಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪುಂಡಲೀಕಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಗೇಟು ಬಿದ್ದಿತ್ತು. ಹುಬ್ಬಳ್ಳಿ ಕಡೆಯ ಗಾಡಿ ಹಾದುಹೋಗುವವರೆಗೆ ಪದ ಕೇಳಿಸಲಿಲ್ಲ, ಹೋದ ಮೇಲೆ ಮತ್ತೆ ಕೇಳಿಸಿತು. ನಿರ್ಮಲಾ ಬಗ್ಗಿ ಮೊಣಕಾಲಿನ ಮೇಲೆ ಕೈಯಿಟ್ಟು, ಉಸಿರು ಹತೋಟಿಗೆ ಬರುವತನಕ, ಗೋಣೆಪ್ಪ ಕೊನೆಯ ನುಡಿ ಹಾಡಿ ಮುಗಿಸುವತನಕ ಅಲ್ಲೇ ನಿಂತಳು. ಪುಂಡಲೀಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಅವರೇನೂ ಓಡಿರಲಿಲ್ಲ.

"ಅಪ್ಪ ಅತ್ತಿದ್ದು ನಾ ನೋಡಿದ್ದು ಅದೊಂದ ಸಲ" ಎಂದರು ನಿರ್ಮಲಾ.

ಆ ವರ್ಷ ಜಿಲ್ಲಾ ಮಟ್ಟದ ಮೂರು ಸಾವಿರ ಮೀಟರಿನಲ್ಲಿ ಅವಳು ಎರಡನೆಯವಳಾದಳು. ವಿಭಾಗ ಮಟ್ಟದಲ್ಲಿ ಆರನೆಯವಳು. ಅಲ್ಲಿಗೇ ನಿಂತಿತು. ಊರಿಗೆ ತರುವಂಥ ದೊಡ್ಡ ಕಪ್ಪೇನೂ ಅವಳಿಗೆ ಸಿಗಲಿಲ್ಲ. ಆದರೆ ಚಂದ್ರಪ್ಪ ಮಾಸ್ತರರು ಬೆನ್ನುಬಿಡದೆ ಪಿಯುಸಿ ಓದಿಸಿದರು, ದೈಹಿಕ ಶಿಕ್ಷಣದ ತರಬೇತಿಗೆ ಅರ್ಜಿ ಹಾಕಿಸಿದರು. ಕೆಲಸ ಸಿಕ್ಕಿತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕರಾಗಿದ್ದವರ ಜೊತೆ ಮದುವೆಯಾಯಿತು. ಮೆಣಸಿನಕಾಯಿ ಬರುವ ದಿನಗಳಲ್ಲಿ ಗಂಡ ಮನೆಗೆ ಬಂದರೆ ಅಂಗಿಯ ಘಾಟಿಗೆ ಎಲ್ಲರೂ ಸೀನುತ್ತಾರೆ ಎಂದು ಹೇಳಿ ನಿರ್ಮಲಾ ಮೂಗು ಉಜ್ಜಿಕೊಂಡರು. ಗೋಣೆಪ್ಪ ಕಾಕಾ ಈಗಿಲ್ಲ. ಕ್ಯಾಸೆಟ್ಟೂ ಇಲ್ಲ, ಒಂದು ಮಳೆಗಾಲ ಬೂಸಲು ಹಿಡಿದು ಟೇಪು ಅಂಟಿಕೊಂಡಿತು. ಮೊಬೈಲಿನಲ್ಲಿ ಇಳಿಸಿಕೊಳ್ಳಬಹುದಿತ್ತು ಎಂದು ಹೊಳೆಯುವ ಹೊತ್ತಿಗೆ ತಡವಾಗಿತ್ತು.

"ನೀವು ಈಗ ಹಾಡು ಯಾಕೆ ಕೇಳುವುದಿಲ್ಲ?" ಎಂದು ನಾನು ಕೇಳಿದೆ.

"ಗಂಡ ಒಂದು ತಂದು ಕೊಟ್ಟಿದ್ರು, ಕಿವ್ಯಾಗ ಹಾಕ್ಕೊಳ್ಳೂದು. ಎರಡು ದಿನ ಹಾಕ್ಕೊಂಡೆ. ಚಲೋನ ಇತ್ತು. ಆದ್ರ ನನಗ ಪಕ್ಕದಾಗ ಚೈನಿನ ಸಪ್ಪಳಾನೂ ಬೇಕು ನೋಡ್ರಿ. ಅದು ಅದರಾಗ ಬರೂದಿಲ್ಲ."

ಪುಂಡಲೀಕಪ್ಪ ಈಗ ಹಾವೇರಿಯಲ್ಲಿ ಮಗಳ ಮನೆಯಲ್ಲೇ ಇದ್ದಾರೆ. ಎಪ್ಪತ್ತಾರು ವರ್ಷ. ಮೂವತ್ತು ವರ್ಷದ ಗಿರಣಿ ಅವರ ಕಿವಿಯನ್ನು ಪೂರ್ತಿ ತೆಗೆದುಕೊಂಡಿದೆ. ಮಂಗಳವ್ವ ಕೈಸನ್ನೆಯಲ್ಲೇ ಅವರೊಡನೆ ಜಗಳವಾಡುತ್ತಾಳೆ.

ಹೋದ ಡಿಸೆಂಬರಿನಲ್ಲಿ ರಾಣೆಬೆನ್ನೂರಿನಲ್ಲಿ ಊರವರೆಲ್ಲ ಸೇರಿ ಐದು ಕಿಲೋಮೀಟರಿನ ಓಟ ಇಟ್ಟಿದ್ದರು. ನಿರ್ಮಲಾ ಹೆಸರು ಕೊಟ್ಟರು. ಬೇಡವೆಂದರೂ ಅಪ್ಪ ಜೊತೆಗೆ ಹೊರಟರು. ಮುಗಿಯುವ ಜಾಗದಲ್ಲಿ ಆಳೆತ್ತರದ ಸ್ಪೀಕರುಗಳಿಂದ ಹಾಡು ಅಬ್ಬರಿಸುತ್ತಿತ್ತು. ಎಲ್ಲರೂ ಕಿವಿ ಮುಚ್ಚಿಕೊಂಡು ದೂರ ನಿಂತರೆ, ಪುಂಡಲೀಕಪ್ಪ ಕುರ್ಚಿಯನ್ನು ಅದರ ಪಕ್ಕಕ್ಕೇ ಎಳೆದುಕೊಂಡು, ಸ್ಪೀಕರಿನ ಮೇಲೆ ಅಂಗೈಯಿಟ್ಟು ಕೂತಿದ್ದರಂತೆ. ನಿರ್ಮಲಾ ಓಡಿ ಬಂದಾಗ ಅವರ ತಲೆ ತೂಗುತ್ತಿತ್ತು.

ನಲವತ್ತು ದಾಟಿದ ಹೆಂಗಸರಲ್ಲಿ ಮಗಳು ಮೂರನೆಯವಳಾಗಿದ್ದಳು. ಬಹುಮಾನಕ್ಕೆ ಸ್ಟೀಲಿನ ಊಟದ ಡಬ್ಬಿ ಕೊಟ್ಟರು. ಅಪ್ಪ ಅದನ್ನು ತಿರುಗಿಸಿ, ಮುಚ್ಚಳ ತೆಗೆದು, ಹಾಕಿ ನೋಡಿದರು. ಬಸ್ ನಿಲ್ದಾಣದ ಹತ್ತಿರ ಇಬ್ಬರೂ ಚುರುಮುರಿಯ ಗಿರಮಿಟ್ಟು, ಮಿರ್ಚಿ ಭಜಿ ತಿಂದರು. ಪುಂಡಲೀಕಪ್ಪ ಇನ್ನೊಂದು ಪ್ಲೇಟು ಬೇಕೆಂದು ಬೆರಳೆತ್ತಿ, ಅಂಗಡಿಯವನಿಗೆ ಗಿರಣಿಯಲ್ಲಿ ಕೂಗುವಷ್ಟೇ ಜೋರಾಗಿ ಹೇಳಿದರು: "ಖಾರ ಸಾಲಾಂಗಿಲ್ಲೋ ತಮ್ಮಾ!"