ಕೋಡಿ ನೀರಿನ ಶಾಟ್ ತೆಗೆದ ಅಕ್ಕ

ಅಕ್ಕನ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ತಗ್ಗು. ವರ್ಷಗಟ್ಟಲೆ ಮದುವೆಮನೆಗಳಲ್ಲಿ ಭಾರದ ಕ್ಯಾಮೆರಾ ಹೊತ್ತು ಬಿದ್ದ ತಗ್ಗು ಅದು. ಸೆರಗನ್ನು ಸೊಂಟಕ್ಕೆ ಬಿಗಿದು, ಅಡ್ಡ ಬಂದ ಬೀಗರನ್ನು ಮೊಣಕೈಯಲ್ಲಿ ಸರಿಸುತ್ತಾ, "ಅಣ್ಣಾ, ನಿಮ್ಮ ಬೆನ್ನು ಚೆನ್ನಾಗೈತೆ, ಹುಡುಗಿ ಮುಖ ಇನ್ನೂ ಚೆನ್ನಾಗೈತೆ, ಸರೀರಿ" ಅನ್ನುತ್ತಾರೆ. ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರ ಅವರ ಸ್ಟುಡಿಯೋ. ಮೇಲಿನ ಮನೆಯಲ್ಲಿ ನಾನು ಬಾಡಿಗೆಗಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುವವಳೆಂದು ನನ್ನನ್ನು ಕರೆಯುವುದು "ಮೇಡಮ್ಮ" ಎಂದು. ಅದರಲ್ಲಿ ಗೌರವ ಎಷ್ಟೋ ಕುಚೋದ್ಯವೂ ಅಷ್ಟೇ.

ಮುಹೂರ್ತ ಮುಗಿದೊಡನೆ ಉಳಿದವರೆಲ್ಲ ಕ್ಯಾಮೆರಾ ಇಳಿಸಿ ಊಟದ ಪಂಕ್ತಿ ಹುಡುಕಿದರೆ, ಅಕ್ಕ ಮಾತ್ರ ಚಾಲೂ ಇಟ್ಟುಕೊಂಡೇ ನಿಂತಿರುತ್ತಾರೆ. "ತಾಳಿ ಕಟ್ಟಿದ ಮೇಲೆ ಅತ್ತೆ ಮುಖ ನೋಡ್ಬೇಕು. ಮದುವೆ ಇರೋದು ಅಲ್ಲಿ."

ಮದುವೆಗಳಿಲ್ಲದ ತಿಂಗಳುಗಳಲ್ಲಿ ಮೋಡ, ಕುರಿಮಂದೆ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಚಿತ್ರಿಸಿ ಒಂದು ಜಾಲತಾಣಕ್ಕೆ ಹಾಕುತ್ತಿದ್ದರು. ಸಿನಿಮಾದವರು ತಮಗೆ ಬೇಕಾದ ದೃಶ್ಯವನ್ನು ಪರವಾನಗಿ ಪಡೆದು ಅಲ್ಲಿಂದ ತೆಗೆದುಕೊಳ್ಳಬಹುದು. ಚಿತ್ರಿಸಿದವರ ಹೆಸರನ್ನು ಸಿನಿಮಾದ ಕೊನೆಯಲ್ಲಿ ಪರದೆಯ ಮೇಲೆ ಹಾಕಬೇಕೆಂಬುದು ಷರತ್ತು.

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ಹೊರಟಿತ್ತು. ಹಿರಿಯೂರಿನಲ್ಲಿ ಒಂದು ನಿಶ್ಚಿತಾರ್ಥ ಮುಗಿಸಿ ಅಕ್ಕ, "ಬಾರೇ ಮೇಡಮ್ಮ, ನೀರು ನೋಡಿ ಹೋಗಾಣ" ಎಂದರು. ಜನ ಕಡಿಮೆಯಿದ್ದ ಕಡೆ, ಕೆಳಗೆ ಹೊಳೆ ದಂಡೆಯಲ್ಲಿ ನಿಂತೆವು. ಅಕ್ಕ ನೀರಿನ ಮೇಲೆ ಕ್ಯಾಮೆರಾ ಹಿಡಿದಿದ್ದರು. ನಾನು ಇಣುಕಿ ನೋಡಲು ಒಂದು ಹೆಜ್ಜೆ ಮುಂದಿಟ್ಟೆ. ಕಾಲಡಿಯ ಮಣ್ಣು ಕುಸಿಯಿತು.

ನೀರಿಗೆ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಾಠ ಮಾಡುವಾಗ ಈಗಲೂ ಒಮ್ಮೊಮ್ಮೆ ನೆಲ ಜಾರಿದಂತಾಗಿ ಮೇಜು ಹಿಡಿದುಕೊಳ್ಳುತ್ತೇನೆ. ನೆನಪಿರುವುದು ಇಷ್ಟು: ಬಾಯಿ ತುಂಬ ಕೆಸರು, ಆಮೇಲೆ ನೆತ್ತಿ ಕಿತ್ತು ಬರುವಂಥ ನೋವು. ಅಕ್ಕ ದಂಡೆಯ ಮೇಲೆ ಬೋರಲು ಬಿದ್ದು ನನ್ನ ಜಡೆ ಹಿಡಿದಿದ್ದರು. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಓಡಿಬಂದು, ಅವರೂ ಜಾರದಂತೆ ಅವರ ಕಾಲುಗಳ ಮೇಲೆ ಕುಳಿತುಬಿಟ್ಟಿದ್ದ. ಮೇಲೆ ಬಂದ ಮೇಲೆ ಅಕ್ಕ ಅಂದದ್ದು ಒಂದೇ ಮಾತು: "ಈ ಜಡೆ ಕತ್ತರಿಸಿದ್ರೆ ನಿನ್ನ ಕಾಲು ಮುರೀತೀನಿ."

ಆ ದೃಶ್ಯ ಜಾಲತಾಣಕ್ಕೆ ಹೋಯಿತು, ನಾನು ಬೀಳುವುದಕ್ಕೆ ಮೊದಲಿನದ್ದಷ್ಟೇ. ಬಿದ್ದದ್ದನ್ನು ಹಾಕಿದ್ದರೆ ನಾಡೆಲ್ಲ ನೋಡುತ್ತಿತ್ತು ಎಂದು ಯಾರೋ ಅಂದಾಗ ಅಕ್ಕ, "ಅದು ಅವಳ ಜೀವ ಕಣಪ್ಪ, ನನ್ನ ಶಾಟ್ ಅಲ್ಲ" ಎಂದಿದ್ದರು.

ಕೆಲವು ತಿಂಗಳ ಮೇಲೆ ಒಂದು ಸಿನಿಮಾದ ಟ್ರೈಲರ್‌ನಲ್ಲಿ ಅದೇ ನೀರು ಬಂತು. ಅಕ್ಕ ಕೂಡಲೇ ಚಿತ್ರದ ಕಚೇರಿಗೆ ಫೋನ್ ಮಾಡಿ, ಕೊನೆಯಲ್ಲಿ ತಮ್ಮ ಹೆಸರು ಬರಬೇಕೆಂದರು. ಬಿಟ್ಟರಾಗದೇ, ಇಷ್ಟಕ್ಕೆ ಯಾಕೆ ಜಗಳ ಎಂದು ನಾನು ಕೇಳಿದೆ.

"ಯಾಕೆ ಬಿಡ್ಲಿ? ಹೆಸರು ಬೇಡ ಅನ್ನೋಕೆ ನಾನೇನು ಸನ್ಯಾಸಿನಾ? ಇಷ್ಟು ಮದುವೆ ತೆಗೆದೆ, ಒಂದು ಫೋಟೋದಾಗೂ ನಾನಿಲ್ಲ."

ಕಚೇರಿಯವರು ತಕರಾರು ತೆಗೆದರು. ಆ ದಿನ ಅಲ್ಲಿ ನೂರಾರು ಜನ ಚಿತ್ರಿಸಿದ್ದರು. ಈ ದೃಶ್ಯ ತನ್ನದೆಂದು ಇನ್ನೊಬ್ಬನೂ ಹೇಳುತ್ತಿದ್ದಾನೆ, ನಿಮ್ಮದಾದರೆ ಕತ್ತರಿಸದ ಮೂಲವನ್ನು ಕಳಿಸಿ ಎಂದರು. ಮೂಲದಲ್ಲಿ ನಾನು ಮುಳುಗುತ್ತಿದ್ದೆ.

ಅಕ್ಕ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು. "ನೀನು ಹೂಂ ಅಂದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ. ನನ್ನ ಮುಖ ನೋಡಿ ಹೇಳ್ಬೇಡ, ವಿಡಿಯೋ ನೋಡಿ ಹೇಳು."

ಅಲ್ಲಿಯವರೆಗೆ ನಾನು ಅದನ್ನು ನೋಡಿರಲಿಲ್ಲ. ಈಗ ನೋಡಿದೆ. ನನ್ನ ಬೆನ್ನು ಕಾಣುತ್ತದೆ, ಮರುಕ್ಷಣ ಕಾಣುವುದಿಲ್ಲ. ಅಷ್ಟರಲ್ಲೇ ಇಡೀ ಚಿತ್ರ ತಲೆಕೆಳಗಾಗಿ ಹುಲ್ಲು, ಆಕಾಶ, ಮತ್ತೆ ಹುಲ್ಲು. ಸಾಲ ಮಾಡಿ ಕೊಂಡ ಕ್ಯಾಮೆರಾವನ್ನು ಅಕ್ಕ ಎಸೆದಿದ್ದರು. ಅದು ಹುಲ್ಲಿನಲ್ಲಿ ಬಿದ್ದುಕೊಂಡೇ ಚಾಲೂ ಇತ್ತು. ನಾನು ಬಿದ್ದದ್ದಕ್ಕೂ ಅದು ಬಿದ್ದದ್ದಕ್ಕೂ ನಡುವೆ ಒಂದು ರೆಪ್ಪೆ ಬಡಿಯುವಷ್ಟೂ ಬಿಡುವಿರಲಿಲ್ಲ. ಹಿಂದಕ್ಕೆ ಓಡಿಸಿ ಓಡಿಸಿ ಹುಡುಕಿದೆ. ಅವರು ಯೋಚಿಸಿದ ಗಳಿಗೆ ಅಲ್ಲೆಲ್ಲೂ ಇರಲಿಲ್ಲ.

"ಕಳಿಸಿ ಅಕ್ಕ" ಎಂದೆ.

ಬಿಡುಗಡೆಯ ದಿನ ಚಿತ್ರದುರ್ಗದ ಟಾಕೀಸಿಗೆ ಹೋದೆವು. ಮೂಲ ನೋಡಿದ ಮೇಲೆ ಕಚೇರಿಯವರು ಆಗಲಿ ಎಂದಿದ್ದರು, ಆದರೆ ಹೆಸರು ಹಾಕಿದ್ದಾರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಕಥೆ ಮುಗಿದು ಹೆಸರುಗಳು ಮೇಲೇರತೊಡಗಿದವು, ದೀಪ ಹತ್ತಿತು, ಜನ ಎದ್ದರು. ಅಕ್ಕ ನಡುದಾರಿಗೆ ಬಂದು ಎರಡೂ ಕೈ ಚಾಚಿದರು.

"ಕುಂತ್ಕಳ್ರಿ! ಇನ್ನೂ ಮುಗಿದಿಲ್ಲ."

"ಯಾಕಮ್ಮ, ಎರಡನೇ ಭಾಗ ಐತಾ?" ಎಂದ ಒಬ್ಬ.

"ಐತೆ. ನನ್ನ ಹೆಸರೈತೆ."

ಕೆಲವರು ನಕ್ಕು ಕುಳಿತರು. ಕೆಲವರು ನಿಂತಲ್ಲೇ ಪರದೆಗೆ ತಿರುಗಿದರು. ಅಡುಗೆಯವರು, ಡ್ರೈವರುಗಳು, ಊರಿನ ಮಹಾಜನಗಳು ಎಲ್ಲರ ಹೆಸರೂ ಪರದೆಯ ಮೇಲೆ ಬಂದು ಹೋದವು. ಕಟ್ಟಕಡೆಗೆ, ಪ್ರವಾಹದ ದೃಶ್ಯ ಎಂದು ಬಂದು, ಪಕ್ಕದಲ್ಲಿ ಅಕ್ಕನ ಪೂರ್ತಿ ಹೆಸರು, ಅದರ ಮುಂದೆ ಹೊಳಲ್ಕೆರೆ. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು.

ಸಿನಿಮಾದಲ್ಲಿ ನೀರು ಬಂದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೆಸರು ಬಂದಾಗ ಮುಚ್ಚಲಿಲ್ಲ.