ಅಮಾವಾಸ್ಯೆಯೊಳಗೆ ಅಳಿಸಬೇಕಾಗಿದ್ದ ಸೀರೆ

ಮನುಷ್ಯನಿಗೆ ಖಾಸಗಿತನವೆಂಬುದು ಅನ್ನ ನೀರಿನಷ್ಟೇ ಅಗತ್ಯ. ಅದನ್ನು ಕಳೆದುಕೊಂಡವನು ತನ್ನನ್ನೇ ಕಳೆದುಕೊಂಡಂತೆ. ನಾನು ನನ್ನದನ್ನು ಊಟವಾದ ಮೇಲೆ, ಅರೆನಿದ್ದೆಯಲ್ಲಿ, ಒಂದು ಹಸಿರು ಸೀರೆಯ ಚಿತ್ರ ನೋಡಲು ಕೊಟ್ಟುಬಿಟ್ಟೆ.

ಬೆಟಗೇರಿಯ ನಮ್ಮ ಮನೆತನದಲ್ಲಿ ಮದುವೆ ಹೆಣ್ಣಿನ ಸೀರೆ ಮನೆಯ ಮಗ್ಗದಿಂದಲೇ ಇಳಿಯಬೇಕು. ನಾನು ಮಗ್ಗ ಬಿಟ್ಟು ಕಚೇರಿ ಸೇರಿದವನು, ಈಗ ನಿವೃತ್ತ. ಅಣ್ಣ ಇನ್ನೂ ನೇಯುತ್ತಾನೆ. ನನ್ನ ಮಗಳ ಮದುವೆ ಗೊತ್ತಾದ ದಿನವೇ "ಸೀರಿ ನಂದು" ಎಂದುಬಿಟ್ಟಿದ್ದ. ಮಗಳಿಗೋ ಪೇಟೆಯ ಸೀರೆಯ ಮೇಲೆ ಮನಸ್ಸು. ತಾನು ಕಲಿಸುವ ಶಿಗ್ಲಿಯ ಶಾಲೆಗೆ ಬಸ್ಸು ಹಿಡಿಯುವ ಅವಸರದಲ್ಲಿ, "ಅಪ್ಪಾ, ನೆಟ್ಟಿನ್ಯಾಗ ಒಂದು ಹಸರ ಸೀರಿ ಐತಿ, ಬರೇ ನೋಡಿಡು. ದೊಡ್ಡಪ್ಪಗ ಮಾತ್ರ ಹೇಳಬ್ಯಾಡ" ಎಂದಳು.

ಬರೇ ನೋಡಿದೆ. ಅಂಗಡಿಯ ಜಾಲತಾಣ ತೆರೆಯುತ್ತಲೇ, ಕುಕೀಗಳಿಗೆ ಒಪ್ಪಿಗೆಯೇ ಎಂದು ಕೇಳಿತು. ಬಾಗಿಲಿಗೆ ಬಂದವರು ಮರ್ಯಾದೆಯಿಂದ ಕೇಳಿದರೆ ನಮ್ಮ ಕಡೆ "ಆತ್ರಿ" ಎನ್ನುವುದು ವಾಡಿಕೆ. 'ಎಲ್ಲವನ್ನೂ ಒಪ್ಪು' ಒತ್ತಿದೆ. 'ಅಗತ್ಯದವು ಮಾತ್ರ' ಎಂಬ ಇನ್ನೊಂದು ಗುಂಡಿಯೂ ಪಕ್ಕದಲ್ಲಿತ್ತು. ಮಾಸಲು ಬಣ್ಣದ್ದು, ಕರೆಯದೆ ಬಂದ ನೆಂಟನಂತೆ ಮೂಲೆಯಲ್ಲಿ ನಿಂತಿತ್ತು.

ಆಮೇಲೆ ಆ ಸೀರೆ ನನ್ನ ಬೆನ್ನು ಹತ್ತಿತು. ಮಳೆಯ ಮುನ್ಸೂಚನೆ ತೆರೆದರೆ ಪಕ್ಕದಲ್ಲಿ ಸೀರೆ. ನಿಧನ ವಾರ್ತೆ ಓದಿದರೆ ಕೆಳಗೆ ಸೀರೆ, ಅದೂ ರಿಯಾಯಿತಿಯಲ್ಲಿ. ನಗು ಬರಲಿಲ್ಲ. ಅಮಾವಾಸ್ಯೆಗೆ ಅಣ್ಣನ ಮಗ್ಗಕ್ಕೆ ಬಿಡುವು. ಆ ದಿನ ಅವನು ತಪ್ಪದೆ ಬಂದು, ಅಕ್ಷರ ದೊಡ್ಡದು ಮಾಡಿಸಿಕೊಂಡು, ನನ್ನ ಕಂಪ್ಯೂಟರಿನಲ್ಲೇ ಪೇಪರು ಓದುತ್ತಾನೆ. ಹಿಂದಿನ ಸಲ ಏನೂ ಅನ್ನದೆ ಹೋಗಿದ್ದ, ಕಂಡಿರಲಾರದು ಎಂದುಕೊಂಡೆ. ಈ ಸಲ ಕಂಡರೆ? ಜಗಳವಾಡುವವನಲ್ಲ. ಸುಮ್ಮನೆ ಮಗ್ಗದಿಂದ ಕೈ ತೆಗೆದುಬಿಡುತ್ತಾನೆ.

ಬ್ರೌಸರಿನ ಇತಿಹಾಸವನ್ನೆಲ್ಲ ಅಳಿಸಿದೆ. ಸೀರೆ ಕದಲಲಿಲ್ಲ. ಮಗಳಿಗೆ ಫೋನು ಮಾಡಿದೆ.

"ನೀ ಅಳಿಸಿದ್ದು ಎಲ್ಲೆಲ್ಲಿ ಹೋಗಿದ್ದಿ ಅನ್ನೂದನ್ನ, ಅಪ್ಪಾ. ನಿನ್ನ ಗುರ್ತಿಗಂತ ಅವರು ಇಟ್ಟ ಚೀಟಿ ನಿನ್ನ ಬ್ರೌಸರಿನ್ಯಾಗ ಹಂಗಽ ಐತಿ. ಅದಽ ಕುಕೀ."

"ನನ್ನ ಮನ್ಯಾಗ ಅವರ ಚೀಟಿ?"

"ನೀನಽ ಹೂಂ ಅಂದೀಯಲ್ಲ!"

ಪೇಪರಿನ ಪುಟದಲ್ಲಿ ಜಾಹೀರಾತಿನವರ ಆಳೂ ಕೂತಿರುತ್ತಾನಂತೆ. ಚೀಟಿ ಓದಿ, ಬಂದವನು ಸೀರೆ ನೋಡಿದವನೆಂದು ಗುರುತು ಹಿಡಿಯುತ್ತಾನಂತೆ. ಅವಳು ಹೇಳಿದಂತೆ ಸೆಟ್ಟಿಂಗ್ಸಿನ ಗೌಪ್ಯತೆ ವಿಭಾಗಕ್ಕೆ ಹೋಗಿ ಕುಕೀಗಳನ್ನು ಅಳಿಸಿದೆ. ಮೂರನೆಯವರ ಕುಕೀ ಒಳಗೆ ಬರದಂತೆ ತಡೆ ಹಾಕಿದೆ. ಸೀರೆ ಹೋಯಿತು. ಜೊತೆಗೆ, ಅಲ್ಲಿಯವರೆಗೆ ನನ್ನನ್ನು ಹೆಸರು ಹಿಡಿದು ಸ್ವಾಗತಿಸುತ್ತಿದ್ದ ತಾಣಗಳೆಲ್ಲ ನೀವ್ಯಾರು, ಪಾಸ್‌ವರ್ಡ್ ಏನು ಎಂದವು. ಆ ಅವಮಾನವನ್ನು ನುಂಗಿಕೊಂಡೆ.

ಅಮಾವಾಸ್ಯೆಗೆ ಅಣ್ಣ ಬಂದ. ಪೇಪರು ತೆರೆದ. ಪಕ್ಕದಲ್ಲಿ ಸಿಮೆಂಟಿನ ಜಾಹೀರಾತು. ನನಗೆ ಉಸಿರು ಬಂತು. ಅವನು ಕೆಳಗಿಳಿಸಿದ, ಮೇಲೇರಿಸಿದ, ಕನ್ನಡಕ ಒರೆಸಿಕೊಂಡ.

"ಆ ಹಸರ ಸೀರಿ ಎಲ್ಲಿ ಹೋತಲೇ?"

ಅವನು ಅಂಗಿಯ ಜೇಬಿನಿಂದ ಮಡಿಸಿದ ಗ್ರಾಫ್ ಹಾಳೆ ತೆಗೆದ. ಅದರ ಮೇಲೆ ಆ ಹಸಿರು ಸೀರೆಯ ಅಂಚಿನ ಬಳ್ಳಿ, ಚೌಕ ಚೌಕವಾಗಿ.

"ಹಿಂದಿನ ಅಮಾಸಿಗೆ ನೀ ಚಾ ತರಾಕ ಹ್ವಾದಾಗ ನೋಡಿದ್ನಿ. ನೋಡಿದ್ದಽ ಮತ್ತ ಮತ್ತ ಬರ್ತೈತಲ್ಲ, ನಮ್ಮ ಹುಡುಗಿ ಮನಸ್ಸು ಅದರ ಮ್ಯಾಲ ಐತಿ ಅಂತ ತಿಳೀತು. ಬಳ್ಳಿ ಬರಕೊಂಡೇನಿ. ಬಳ್ಳಿ ಮ್ಯಾಲಿನ ಹಕ್ಕಿ ಬರಿಯೂದು ಉಳದೈತಿ."

"ಸಿಟ್ಟು ಬರಲಿಲ್ಲೇನಣ್ಣಾ?"

"ಬಂತು. ಎಂಟ ದಿನ ಮಗ್ಗಕ್ಕ ಕುಂಡ್ರಲಿಲ್ಲ. ಈಗ ಅದನ್ನ ತಗಿ."

ತೆಗೆಯುವುದು ಎಲ್ಲಿಂದ? ಭಯದಲ್ಲಿ ಅಂಗಡಿಯ ಹೆಸರನ್ನು ಓದಿಯೇ ಇರಲಿಲ್ಲ. ಇತಿಹಾಸವನ್ನು ನಾನೇ ಅಳಿಸಿದ್ದೆ. ಮಗಳನ್ನು ಕೇಳೋಣವೆಂದರೆ, "ಆಕಿಗೆ ಗೊತ್ತಾಗಬಾರದು" ಎಂದ ಅಣ್ಣ. ತಡೆ ತೆಗೆದು, ಕಂಡ ಕಂಡ ಸೀರೆ ಅಂಗಡಿಗೆಲ್ಲ ಅಣ್ಣನ ಎದುರೇ 'ಎಲ್ಲವನ್ನೂ ಒಪ್ಪು' ಒತ್ತಿದೆ. "ಹೂಂ ಅನ್ನು, ಹೂಂ ಅನ್ನು, ತಾನಽ ಹುಡಿಕ್ಕೊಂಡು ಬರ್ತೈತಿ" ಎಂದು ಅವನು ಬೆನ್ನ ಹಿಂದೆ ನಿಂತಿದ್ದ. ಕೆಂಪು, ನೀಲಿ, ಅರಿಷಿಣ ಬಣ್ಣದವೆಲ್ಲ ನನ್ನ ಬೆನ್ನು ಹತ್ತಿದವು. ಅದೊಂದು ಬರಲಿಲ್ಲ.

ಮಗಳು ಮದುವೆಗೆ ಅಣ್ಣ ನೇಯ್ದ ಹಸಿರು ಸೀರೆ ಉಟ್ಟಳು. ಅಂಚಿನಲ್ಲಿ ಬಳ್ಳಿ ಇದೆ, ಹಕ್ಕಿ ಇಲ್ಲ.