ಸಾಯದ ಹುಡುಗನ ಕ್ಯಾಸೆಟ್

ಗಜೇಂದ್ರಗಡದಾಗ ನಂದೊಂದು ಮೊಬೈಲ್ ರಿಪೇರಿ ಅಂಗಡಿ ಐತಿ. ಬಳಿ ವ್ಯಾಪಾರದ ಖಾಜಾಬಿ ಬಂದು, ಸಣ್ಣಾಕಿದ್ದಾಗ ಟೀವಿಗೆ ಕ್ಯಾಸೆಟ್ ಹಾಕಿ ಆಡತಿದ್ದ ಗೇಮ್ ಫೋನಿಗೆ ಹಾಕಿಕೊಡ್ರಿ ಅಂದ್ರು. ಅದರಾಗ ಅವರನ್ನ ಸೋಲಿಸೋರು ಓಣ್ಯಾಗ ಯಾರೂ ಇದ್ದಿಲ್ಲಂತ. ಹಳೇ ಗೇಮ್ ನಡಸೋ ಎಮ್ಯುಲೇಟರ್ ಹಾಕಿ, ಕಂಪನಿಯ ಅಸಲಿ ಗೇಮ್ ಕೊಟ್ಟೆ.

ಮೊದಲನೇ ಗುಂಡ್ಯಾಗ ಗೇಮಿನ ಹುಡುಗ ಬಿದ್ದು ಸತ್ತ.

“ಇದು ಡುಪ್ಲಿಕೇಟ್ ಐತ್ರಿ. ನಮ್ಮ ಕ್ಯಾಸೆಟ್ಟಿನ್ಯಾಗ ಇಂವ ಸಾಯತಿದ್ದಿಲ್ಲ.”

“ನಿಮ್ಮ ಕ್ಯಾಸೆಟ್ಟೇ ಡುಪ್ಲಿಕೇಟ್ರಿ. ಯಾರೋ ಕಂಪನಿ ಗೇಮ್ ಕದ್ದು, ಹುಡುಗ ಸಾಯದಂಗ ತಿದ್ದಿ ಮಾರಿದ್ರು.”

ಖಾಜಾಬಿ ಫೋನ್ ನನ್ನ ಕಡೆ ಸರಿಸಿದ್ರು. “ಅದನ್ನ ಹಾಕ್ರಿ. ನಾ ಗೆದ್ದದ್ದು ಅದರಾಗ.”

ಕದ್ದ ಗೇಮ್ ಹುಡುಕಿ ಹಾಕೂದ್ರಾಗ ಸಂಜಿ ಆತು. ಹುಡುಗ ಗುಂಡಿ ಮ್ಯಾಲ ಗಾಳ್ಯಾಗ ನಡದು ದಾಟಿದ. “ಈಗ ಬಂತ್ ನೋಡ್ರಿ ಒರಿಜಿನಲ್,” ಅಂತ ಖಾಜಾಬಿ ನಕ್ಕರು.

‘ಇಲ್ಲಿ ಒರಿಜಿನಲ್ ಮಾತ್ರ’ ಅನ್ನೋ ನನ್ನ ಬೋರ್ಡಿನ ಕೆಳಗ ಕುಂತು, ನಾನೂ ಹೌದ್ರಿ ಅಂದೆ.